ಅಮ್ಮ ಕೇಳಿ ತಬ್ಬಿಕೊಂಡಳು

ಬಸ್ಸಿನ ಮುಂದಿನ ಸೀಟಿನಲ್ಲಿದ್ದ ಗೆಳತಿಯರಿಬ್ಬರ ಪಿಸುಮಾತು ಏರುತ್ತಾ ಹೋದಂತೆ, ಪಾಳಿ ಮುಗಿಸಿ ತೂಕಡಿಸುತ್ತಿದ್ದ ನರ್ಸಮ್ಮನ ನಿದ್ದೆ ಹಾರಿಹೋಯಿತು.

“ಸೋದರಮಾವ ನಂಗೆ ಮಾಡಿದ್ದನ್ನೆಲ್ಲ ಅಮ್ಮಂಗೆ ಹೇಳಿಬಿಟ್ಟೆ ಕಣೇ!”

“ಅಯ್ಯೋ! ಒಡಹುಟ್ಟಿದ ತಮ್ಮ ಅಲ್ವೇನೇ? ನಂಬಿದ್ರಾ?”

“ನಂಬಿದ್ಲು! ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ಅಂತ ಕೇಳ್ಲೇ ಇಲ್ಲ. ತಪ್ಪು ನಿಂದಲ್ಲ ಮಗಳೇ ಅಂದ್ಲು. ಆಮೇಲೆ, ತಬ್ಕೊಳ್ಲಾ ಅಂದ್ಲು.”

“ಕೇಳಿದ್ರಾ?”

“ಕೇಳಿ, ನಾನು ಹೂಂ ಅನ್ನೋವರೆಗೂ ಕಾದ್ಲು!”

“ಪೊಲೀಸರಿಗೆ?”

“ನೀನು ಹೇಗಂತೀಯೋ ಹಾಗೆ ಅಂದ್ಲು. ಇವತ್ತೇ ಹೋಗೋಣ ಅಂತ ನಾನೇ ಹೇಳಿದೆ. ಠಾಣೆ ಹತ್ರ ಬಂದಿರ್ತಾಳೆ.”

“ನಾನೂ ಬರ್ಲಾ?”

“ಬಾರೇ!”

ಬಸ್ಸು ನಿಂತಿತು. ಇಬ್ಬರೂ ಕೈಕೈ ಹಿಡಿದು ಇಳಿದರು. ನರ್ಸಮ್ಮ ಕಿಟಕಿಯಿಂದ ಕತ್ತು ಚಾಚಿದಳು. ಠಾಣೆಯ ಗೇಟಿನಲ್ಲಿ ನಿಂತಿದ್ದ ಹೆಂಗಸು ಮಗಳನ್ನು ಕಂಡವಳೇ ಎರಡೂ ಕೈ ಎತ್ತಿ ಬೀಸಿದಳು.