ಭಾವನಿಗೆಂದು ಎತ್ತಿಟ್ಟ ಮಾಸ್ಕ್

ಕಾರ್ಖಾನೆಯಲ್ಲಿ ಎಲ್ಲರೂ ಸ್ಟೋರಕ್ಕ ಎಂದು ಕರೆಯುವ ನಾನು, ವಯಸ್ಸು 34, ಉದ್ಯೋಗ ಸ್ಟೋರ್‌ಕೀಪರ್, ವಾಸ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅಕ್ಕ-ಭಾವನ ಮನೆಯ ಮಹಡಿ ಕೋಣೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಭಾವ ಅದೇ ಕಾರ್ಖಾನೆಯಲ್ಲಿ ಪೇಂಟರ್. ದಿನಾಂಕ 7, ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಸ್ಟೋರಿನ ಕಿಟಕಿಗೆ ಬಂದರು. ಹದಿನಾಲ್ಕು ತಿಂಗಳಿಂದ ಮುಚ್ಚಿದ್ದ ಕಬ್ಬಿಣದ ನೀರಿನ ಟ್ಯಾಂಕಿಗೆ ಇಳಿದು ತುಕ್ಕು ಕೆರೆಯಬೇಕು, ಗಾಳಿ ಪೈಪಿನ ಮಾಸ್ಕ್ ಕೊಡು ಎಂದು ಕೇಳಿದರು. ಅದು ಹೊರಗಿನ ಗಾಳಿಯನ್ನು ಪಂಪಿನಿಂದ ಮುಖಕ್ಕೆ ತಂದುಕೊಡುವ ಹಳೆಯ ಸಾಮಾನು. ಕೆಲಸಕ್ಕೆ ಗಟ್ಟಿ, ನೋಡಲು ಚೆಂದವಿಲ್ಲ.

ನನ್ನ ಬೀರುವಿನಲ್ಲಿ ಹೊಸ ಮಾಸ್ಕ್ ಒಂದಿತ್ತು. ಮುಖವಿಡೀ ಮುಚ್ಚುವ ಗಾಜು, ಎರಡು ಕೆನ್ನೆಗೆ ಎರಡು ಫಿಲ್ಟರ್ ಡಬ್ಬಿ. ಆಸಿಡ್ ವಿಭಾಗದವರು ಕೇಳಿದಾಗ ಖಾಲಿಯಾಗಿದೆ ಎಂದು ಹೇಳಿ, ಭಾವನಿಗೆಂದೇ ಬಟ್ಟೆ ಸುತ್ತಿ ಎತ್ತಿಟ್ಟಿದ್ದೆ. ನನ್ನವರಿಗೆ ಒಳ್ಳೆಯದನ್ನು ಎತ್ತಿಡುವುದು ನನ್ನ ಚಾಳಿ. ಅದನ್ನೇ ಕೊಟ್ಟೆ. ಇದು ಡಬ್ಬಿ ಮಾಸ್ಕ್ ಅಲ್ವೇನೇ, ಒಳಗೆ ಗಾಳಿ ಹೆಂಗಿದೆಯೋ ಏನೋ ಎಂದರು. ಬರೀ ನೀರಿದ್ದ ಟ್ಯಾಂಕು, ವಾಸನೆಯೂ ಇಲ್ಲ, ಒಳ್ಳೇದು ಕೊಟ್ರೂ ನಿಮ್ಮದೊಂದು ತಕರಾರು ಎಂದು ರೇಗಿಸಿದೆ. ನಾದಿನಿ ಮಾತು ಮೀರಿದ್ರೆ ನಂಗೆ ಮನೇಲಿ ಉಳಿಗಾಲ ಇಲ್ಲ ಎಂದು ನಗುತ್ತಾ ಹಾಕಿಕೊಂಡರು. ತಲೆಯ ಹಿಂದಿನ ಪಟ್ಟಿಗಳನ್ನು ನಾನೇ ಬಿಗಿದೆ.

10.20ಕ್ಕೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಮೇಲೆ ಹಗ್ಗ ಕಾಯಲು ಫಿಟ್ಟರ್ ಇದ್ದ. ಟ್ಯಾಂಕು ನೆಲದೊಳಗಿನದು, ಆಳ ನಾಲ್ಕು ಮೀಟರ್, ಸ್ಟೋರಿನಿಂದ ಹದಿನೆಂಟು ಹೆಜ್ಜೆ. ಕ್ಷೇಮವಾಗಿದ್ದೇನೆಂದು ತಿಳಿಸಲು ಒಳಗಿನವರು ಎರಡು ನಿಮಿಷಕ್ಕೊಮ್ಮೆ ಗೋಡೆಗೆ ಮೂರು ಸಲ ಬಡಿಯುವುದು ನಮ್ಮಲ್ಲಿ ರೂಢಿ. 10.22ಕ್ಕೆ, 10.24ಕ್ಕೆ ಬಡಿತ ಕೇಳಿತು. 10.26ರದು ಬಹಳ ನಿಧಾನವಾಗಿ, ಮಗುವಿನ ಬೆನ್ನು ತಟ್ಟಿ ಮಲಗಿಸುವಂತೆ ಬಂತು. ಕೇಳಲು ಹಿತವಾಗಿತ್ತು. ನಾನು ಕೈಗವಸು ಜೋಡಿಸುತ್ತಲೇ ಇದ್ದೆ. 10.28ಕ್ಕೆ ಬಡಿತವಿಲ್ಲ.

ಓಡಿಹೋಗಿ ಟ್ಯಾಂಕಿನ ಬಾಯಿಯೊಳಗೆ ಸೊಂಟದವರೆಗೆ ಬಗ್ಗಿದೆ. ಟಾರ್ಚಿನ ಬೆಳಕಿನಲ್ಲಿ ಕೆಂಪು ಪುಡಿ ತೇಲುತ್ತಿತ್ತು. ಭಾವ ಗೋಡೆಗೊರಗಿ ಕುಳಿತಿದ್ದರು. ಗಾಜಿನೊಳಗೆ ಅವರ ಮುಖ ನಗುತ್ತಿರುವಂತೆ ಕಂಡಿತು. ನನ್ನ ಮೈ ಹಗುರಾಯಿತು. ಅವಸರವೇನಿದೆ ಎನ್ನಿಸಿತು. ಚಿಕ್ಕಂದಿನಲ್ಲಿ ಮಧ್ಯಾಹ್ನದ ನಿದ್ದೆಯಿಂದ ಅಮ್ಮ ಎಬ್ಬಿಸದೆ ಬಿಟ್ಟಾಗ ಇರುತ್ತಿದ್ದಂಥ ಸುಖ. ಕರೆಯಲು ಬಾಯಿ ತೆರೆದವಳಿಗೆ ಯಾರನ್ನು ಕರೆಯಬೇಕೆಂಬುದೇ ಮರೆತುಹೋಯಿತು. ಆ ಸುಖ ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಫಿಟ್ಟರ್ ನನ್ನ ಜಡೆ ಹಿಡಿದು ಹಿಂದಕ್ಕೆಳೆದ. ಅಕ್ಕಾ, ಅಲ್ಲಿ ಉಸಿರಾಡೋಕೆ ಏನೂ ಇಲ್ಲ, ಹಗ್ಗ ಹಿಡೀರಿ ಎಂದು ಕೂಗಿದ. 10.33ಕ್ಕೆ ಭಾವನನ್ನು ಮೇಲೆಳೆದೆವು.

ಮುಚ್ಚಿದ ಟ್ಯಾಂಕಿನಲ್ಲಿ ತುಕ್ಕು ಹಿಡಿಯುವ ಕಬ್ಬಿಣವೇ ಪ್ರಾಣವಾಯುವನ್ನು ತಿಂದುಹಾಕುತ್ತದೆ, ಉಳಿದ ಗಾಳಿಗೆ ವಾಸನೆಯೇ ಇರುವುದಿಲ್ಲ ಎಂದು ತನಿಖೆಗೆ ಬಂದ ನಿರೀಕ್ಷಕರು ಹೇಳಿದರು. ಫಿಲ್ಟರ್ ಡಬ್ಬಿ ಇರುವ ಗಾಳಿಯನ್ನು ಸೋಸುತ್ತದೆ, ಇಲ್ಲದ್ದನ್ನು ತಂದುಕೊಡುವುದಿಲ್ಲ. ಯಾವ ಜಾಗಕ್ಕೆ ಯಾವ ಮಾಸ್ಕ್ ಎಂಬ ಪಟ್ಟಿ ನನ್ನ ಸ್ಟೋರಿನ ಗೋಡೆಯ ಮೇಲೇ ಇದೆ. ದಿನಾ ಅದರ ಧೂಳು ಒರೆಸುವವಳು ನಾನೇ.

ಭಾವ ಬದುಕಿದ್ದಾರೆ. ಬಲಗೈಗೆ ಹಿಡಿತ ಬಂದಿಲ್ಲ. ನಿನ್ನೆ ಲೋಟ ಕೊಟ್ಟರೆ ಜಾರಿಬಿತ್ತು, ಅವರು ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಆದರೂ ಆಸ್ಪತ್ರೆಗೆ ಬಂದ ನಿಮ್ಮವರ ಮುಂದೆ, ಕಿಟಕಿಯಲ್ಲಿ ಯಾರೂ ಇರಲಿಲ್ಲ, ಮಾಸ್ಕನ್ನು ನಾನೇ ತೆಗೆದುಕೊಂಡೆ ಎಂದು ಹೇಳಿಕೆ ಕೊಟ್ಟಿದ್ದಾರೆ. ಕಾರ್ಖಾನೆಯವರು ಅದನ್ನೇ ಹಿಡಿದುಕೊಂಡು, ತಪ್ಪು ಅವರದೇ, ಇನ್ನು ಕೆಲಸವಿಲ್ಲ ಎನ್ನುತ್ತಿದ್ದಾರೆ. ಯಾಕೆ ಹಾಗೆ ಹೇಳಿದಿರಿ ಎಂದು ಅಳುತ್ತಾ ಕೇಳಿದೆ. ನಂಗೇನೂ ನೆನಪಿಲ್ಲ ಕಣೇ, ಮಾಸ್ಕ್ ಮಾತ್ರ ಚೆನ್ನಾಗಿತ್ತು ಎಂದರು.

ಅವರು ಸರಿಯಾದದ್ದನ್ನೇ ಕೇಳಿದರು. ಕೊಡದವಳು ನಾನು.

ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ. ಭಾವನ ಹೇಳಿಕೆಯಲ್ಲಿ ಒಂದೇ ಒಂದು ಸುಳ್ಳಿದೆ. ಅದನ್ನು ಅವರು ನನಗಾಗಿ ಹೇಳಿದ್ದಾರೆ, ಅದನ್ನು ಹೊಡೆದುಹಾಕಬೇಕೆಂದು ಕೋರುತ್ತೇನೆ.

ಸ್ಥಳ: ಠಾಣೆ
ದಿನಾಂಕ: 11, ಶನಿವಾರ, ಸಂಜೆ 4.10
ಸಹಿ: ಸ್ಟೋರಕ್ಕ