ಉತ್ಪಾದಕರ ಕಾಗದ

ಹಾಲಿನ ಕಾಗದ ಅಲ್ಲ ಕಣಕ್ಕಾ ಅದು! ಎಷ್ಟು ಸಲ ಹೇಳ್ಲಿ ನಿಂಗೆ? ಹಾಲಿಂದಲ್ಲ! 'ಉತ್ಪಾದಕರು' ಅಂತ ಇದ್ದದ್ದೆಲ್ಲ ಡೈರಿ ಕಾಗದ ಆಗ್ಬಿಡತ್ತಾ? ಹೌದು, ಡೈರಿ ಬೋರ್ಡ್ ಮೇಲೂ 'ಹಾಲು ಉತ್ಪಾದಕರ ಸಂಘ' ಅಂತಾನೇ ಐತೆ, ಒಪ್ಕೊಂಡೆ... ಆದ್ರೆ ಲೋಕದಲ್ಲಿ ಉತ್ಪಾದನೆ ಆಗೋದು ಹಾಲೊಂದೇನಾ? ಮೂರು ದಿನ ಡೈರಿ ಕಡೆ ತಲೇನೇ ಹಾಕಿಲ್ವಂತೆ! 'ನನ್ನ ಹಾಲಲ್ಲಿ ಏನೋ ದೋಷ ಐತೆ, ಸರ್ಕಾರದಿಂದ ನೋಟಿಸ್ ಬಂದೈತೆ' ಅಂತ ಹಾಲೆಲ್ಲಾ ಕರುಗೇ ಕುಡಿಸಿಬಿಟ್ಟೆಯಂತೆ! ಅಯ್ಯೋ ಶಿವನೇ...

ಹೋಗಿ ಹೋಗಿ ಆ ಡೈರಿ ಸೆಕ್ರೆಟರಿ ಹನುಮಯ್ಯನ ಕೈಗೆ ಕೊಟ್ಟು ಓದಿಸಿದೆಯಲ್ಲ! ಅವನು ಕ್ಯಾನ್ ಹಿಡ್ಕೊಂಡು ನಿಂತಿದ್ದ ಇಪ್ಪತ್ತು ಜನರ ಮುಂದೆ ಮೇಲಿನ ನಾಲ್ಕು ಸಾಲು ಗಟ್ಟಿಯಾಗಿ ಓದಿದ್ನಂತೆ. ಕಣಕಟ್ಟೆ ತುಂಬಾ ಅದೇ ಸುದ್ದಿ. ನಿಂಗೆ ಓದೋಕೆ ಬರಲ್ಲ, ಸರಿ. ಅರಸೀಕೆರೆಯಲ್ಲಿ ಚನ್ನೇಶ ಅಂತ ಒಬ್ಬ ತಮ್ಮ ಇದ್ದಾನೆ, ಒಂದು ಫೋನ್ ಮಾಡೋಕೇನಾಗಿತ್ತು ನಿಂಗೆ?

ಹಂಗೆ ನೋಡ್ಬೇಡ. ಅದು ನನ್ನ ಎಣ್ಣೆ ಕಾಗದ. ಮಿಲ್ಲಿಂದು. ಮಾಲಿನ್ಯ ಮಂಡಳಿಯೋರು ಕಳಿಸಿದ್ದು, ಇದರದೇ ಒಂದು ಪ್ರತಿ ಮಿಲ್ಲಿಗೂ ಬಂದೈತೆ. ನಮ್ಮ ಪೌಚ್ ಮೇಲೆ 'ಸುವರ್ಣ ಕೊಬ್ಬರಿ ಎಣ್ಣೆ' ಅಂತ ಇಲ್ವಾ? ಪೋಸ್ಟಿನವನು ಕವರ್ ಮೇಲೆ ಸುವರ್ಣ ಅಂತ ನೋಡ್ದ, ಕಣಕಟ್ಟೆ ಸುವರ್ಣಮ್ಮ ಇರ್ಬೇಕು ಅಂತ ತಂದು ಬಿಸಾಕಿ ಹೋದ. ಅಷ್ಟೇ!

...ಏನು? ಶ್ರೀಮತಿ ಅಂತ ಇತ್ತಾ? ಹನುಮಯ್ಯ ಹಂಗೆ ಓದಿದ್ನಾ? ...ಕಂಪ್ಯೂಟರ್ ತಪ್ಪು ಕಣಕ್ಕ. ಅದಕ್ಕೆ ಗಂಡಸು ಹೆಂಗಸು ಅಂತ ಏನ್ ಗೊತ್ತಾಗತ್ತೆ.

ನನ್ನ ತಲೆ ಕೆಟ್ಟು ಕೆರ ಹಿಡಿದೈತೆ! 'ವಿಸ್ತೃತ ಉತ್ಪಾದಕರ ಹೊಣೆಗಾರಿಕೆ'... ಹೇಳೋಷ್ಟ್ರಲ್ಲಿ ಉಸಿರು ಕಟ್ಟತ್ತೆ. ಬಸ್ ಸ್ಟ್ಯಾಂಡ್ ಹತ್ರ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾಳಲ್ಲ ಸ್ವಾತಿ, ಅವಳು ಬಿಡಿಸಿ ಹೇಳಿದ್ಲು. ಎಣ್ಣೆ ಮಾರಿದ್ರೆ ಮುಗೀಲಿಲ್ವಂತೆ. ಜನ ಎಣ್ಣೆ ಹಚ್ಕೊಂಡು ಬಿಸಾಕಿದ ಪೌಚೂ ನಮ್ದೇ ಅಂತೆ! ಎಷ್ಟು ಕೆಜಿ ಪ್ಲಾಸ್ಟಿಕ್ ಊರಿಗೆ ಬಿಟ್ರೋ ಅಷ್ಟೂ ಮರುಬಳಕೆ ಆಗೈತೆ ಅಂತ ಸರ್ಟಿಫಿಕೇಟ್ ತೋರಿಸ್ಬೇಕಂತೆ. ನಾನೇನು ಮನೆ ಮನೆ ಬಾಗಿಲಿಗೆ ಹೋಗಿ, 'ಅಮ್ಮಾ, ಎಣ್ಣೆ ಖಾಲಿ ಆಯ್ತಾ, ಪೌಚ್ ಕೊಡ್ತೀರಾ' ಅಂತ ನಿಂತ್ಕೊಳ್ಲಾ? ಗುಜರಿ ಭೀಮರಾಜ್ ಹತ್ರಾನೂ ಹೋದೆ. ಪೌಚ್ ಮೂಸಿ ನೋಡ್ದ. 'ಇದು ಮೂರು ಪದರದ್ದು ಸಾವ್ಕಾರ್ರೇ, ಜಿಡ್ಡು ಬೇರೆ, ಪುಕ್ಕಟೆ ಕೊಟ್ರೂ ಬ್ಯಾಡ' ಅಂದ.

ಇನ್ನೊಂದು ಕೇಳು. ಕಾಗದದ ಕೊನೇಲಿ 'ಪರಿಸರ ಪರಿಹಾರ' ಅಂತ ಇತ್ತು. ನಂಗೆ ಖುಷಿಯೋ ಖುಷಿ! ತೋಟಕ್ಕೆ ನುಸಿ ಬಿದ್ರೆ ಪರಿಹಾರ ಕೊಡಿ ಅಂತ ಕೇಳ್ತೀವಲ್ಲ, ಹಂಗೆ ಏನೋ ಕೊಡ್ತಾರೆ ಅಂದ್ಕೊಂಡೆ. ಸ್ವಾತಿ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಕ್ಕಳು. ಆ ಪರಿಹಾರ ನಾವೇ ಅವರಿಗೆ ಕಟ್ಟೋದಂತೆ! ದಂಡಕ್ಕೆ ಪರಿಹಾರ ಅಂತ ಹೆಸರಿಟ್ಟಿದ್ದಾರೆ ಕಣಕ್ಕಾ, ಇದಕ್ಕೇನನ್ನೋಣ? ...ನೀನೂ ನಗ್ತೀಯಾ? ನಗು, ನಗು. ನಿಂಗೇನು.

ಅದಕ್ಕೇ ಉತ್ತರ ಬರೆಸ್ಕೊಂಡು ಬಂದಿದ್ದೀನಿ. ಇಲ್ಲಿ, ಈ ಗೆರೆ ಮೇಲೆ ನಿನ್ನ ಹೆಸರು ಬರೆದ್ರೆ ಆಯ್ತು. ಅದೊಂದು ಬರೆಯೋಕೆ ಬರತ್ತಲ್ಲ ನಿಂಗೆ. ತಗೋ ಪೆನ್ನು. ...ತಪ್ಪಿ ಬಂದ ಕಾಗದಕ್ಕೆ ನಿನ್ನ ಸಹಿ ಯಾಕಾ? ಅದು... ಮುಟ್ಟಿತು ಅನ್ನೋದಕ್ಕೆ. ಎಲ್ಲಾದಕ್ಕೂ ಒಂದು ಸಹಿ ಕೇಳ್ತಾರಪ್ಪ!

ಎಲ್ಲಿಗೆದ್ದೆ? ಕನ್ನಡಕಕ್ಕಾ? ಬೇಗ ಬಾ, ಕೊನೇ ಬಸ್ ತಪ್ಪತ್ತೆ.

...ಇದೇನು ಮೂಟೆ? ಗೊಬ್ಬರದ ಚೀಲ ಎಲ್ಲಾ ಯಾಕೆ ಎಳ್ಕೊಂಡು ಬಂದೆ ನಡುಮನೆಗೆ? ಬಿಚ್ಬೇಡ, ಧೂಳು...

ನಮ್ಮ ಪೌಚು! ಅಷ್ಟೂ ನಮ್ದೇ! ತೊಳೆದು, ಒಣಗಿಸಿ, ನೂರು ನೂರಕ್ಕೆ ತೆಂಗಿನ ನಾರಲ್ಲಿ ಕಟ್ಟಿದ್ದೀಯಲ್ಲ... ಎಲ್ಲಿಂದ ತಂದೆ? ರಸ್ತೆಯಿಂದ್ಲಾ? ಚರಂಡಿಯಿಂದ್ಲಾ? ನೀನು ಬಗ್ಗಿ ಎತ್ಕೊಂಡು ಬರ್ತಿದ್ದೆಯಾ? ಯಾಕಕ್ಕಾ, ನಿಂಗೆ ಹುಚ್ಚಾ... ಏನದು, ಬೆರಳಿಟ್ಟು ಏನು ತೋರಿಸ್ತಿದ್ದೀಯ? ಸು... ವ... ರ್ಣ.

ನಿಂಗೆ ಓದೋಕೆ ಬರೋದು ಅದೊಂದೇ ಅಲ್ವಾ. ನಿನ್ನ ಹೆಸರು ಜನ ತುಳಿದಾಡ್ತಾರೆ ಅಂತಾನಾ?

...ಕಟ್ಟು ಮೂಟೇನ, ಆಮೇಲೆ ನೋಡೋಣ. ಸಹಿ ಹಾಕು. ಯಾಕೆ ಉತ್ತರದ ಕಾಗದ ಮಡಚ್ತೀಯ? ಸೆರಗಿಗೆ ಯಾಕೆ ಗಂಟು ಹಾಕ್ತೀಯ? ಅಕ್ಕಾ! ಕ್ಯಾನ್ ಯಾಕೆ ತಗೊಂಡೆ? ಡೈರಿಗಾ? ಹೋಗು, ಹಾಲು ಹಾಕು, ಬೇಡ ಅಂದೋರ್ಯಾರು? ಕಾಗದ ಕೊಟ್ಟು ಹೋಗು! ...ಹನುಮಯ್ಯನ ಹತ್ರ ಓದಿಸ್ತೀಯಾ? ಬೇಡ ಬೇಡ! ಅದ್ರಲ್ಲಿ ಏನೂ ಇಲ್ಲ, ದೇವರಾಣೆ... ನಿಲ್ಲು, ಬಾಗಿಲು ದಾಟ್ಬೇಡ!

ಸರಿ. ಪೋಸ್ಟಿನವನು ತಪ್ಪು ಮಾಡ್ಲಿಲ್ಲ. ಕಂಪ್ಯೂಟರೂ ತಪ್ಪು ಮಾಡ್ಲಿಲ್ಲ. ಮಿಲ್ಲು ನಿನ್ನ ಹೆಸರಲ್ಲೇ ಐತೆ. ನಾಲ್ಕು ವರ್ಷದ ಹಿಂದೆ ವಿಧವಾ ಪಿಂಚಣಿಗೆ ಅಂತ ಅರಸೀಕೆರೆಗೆ ಕರಕೊಂಡು ಹೋಗಿ ಸಹಿ ಹಾಕಿಸಿದ್ನಲ್ಲ, ಅದು ಪಿಂಚಣಿಗಲ್ಲ. ಹೆಂಗಸರ ಹೆಸರಲ್ಲಿ ಮಾಡಿದ್ರೆ ಸಾಲ ಬೇಗ ಸಿಗ್ತಿತ್ತು... ನಿಂಗೇನು ಕಮ್ಮಿ ಮಾಡಿದ್ದೀನಿ ಹೇಳು? ತಿಂಗಳು ತಿಂಗಳು ಎಣ್ಣೆ ಕಳಿಸಿಲ್ವಾ?

ಬೈಯಕ್ಕಾ, ಎರಡು ಬಿಗಿ. ಗೊತ್ತಿತ್ತಾ ನಿಂಗೆ? ಹನುಮಯ್ಯ ಕೊನೇವರೆಗೂ ಓದಿದ್ನಾ ಆವತ್ತೇ?

ಇನ್ನೂ ಏನ್ ಕಾಯ್ತಿದ್ದೀಯ? ಈ ಉತ್ತರದಲ್ಲಿ ಏನೈತೆ ಅಂತಾನಾ? ...ನಾನೇ ಹೇಳ್ತೀನಿ, ಊರ ಮುಂದೆ ಓದಿಸ್ಬೇಡ. 'ಈ ಉದ್ಯಮದ ಪೂರ್ತಿ ಹೊಣೆ ಉತ್ಪಾದಕಳಾದ ನನ್ನದೇ. ಚನ್ನೇಶ್ ಎಂಬುವವರಿಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ.'

...ಅದು ಆಫೀಸ್ ಮಾತು ಕಣಕ್ಕಾ! ಸಂಬಂಧ ಅಂದ್ರೆ ಆ ಸಂಬಂಧ ಅಲ್ಲ... ವ್ಯವಹಾರದ್ದು... ಹಂಗೇ ಬರೀಬೇಕು ಅಂತ ಯಾರೋ ಹೇಳಿದ್ರು...

ಅಕ್ಕಾ? ಹಾಲು ತುಳುಕ್ತಾ ಐತೆ, ಕ್ಯಾನ್ ಇಲ್ಲಿ ಕೊಡು, ನಾನು ಹಿಡ್ಕೋತೀನಿ. ...ಕೈ ಯಾಕೆ ಬಿಡಿಸ್ಕೋತೀಯ? ಯಾರನ್ನೋ ನೋಡಿದಂಗೆ ಯಾಕೆ ನೋಡ್ತೀಯ? ನಾನು ಕಣಕ್ಕಾ... ಚನ್ನ.