ತಾತ ಗುಡಿಸುವ ಗರಡಿ

ಅಗ್ರಹಾರದ ನಮ್ಮ ಜಗಲಿಯಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದೆ. ಭಾನುವಾರದ ನಡಿಗೆಯಲ್ಲಿ ಜನರಿಗೆ ಹಳೇ ಮನೆ, ಗುಡಿ ತೋರಿಸುವ ಹುಡುಗಿಯರಿಬ್ಬರು ಪಕ್ಕದಲ್ಲಿ ಬಂದು ಕೂತರು. ಕೊರಳಿನ ಬಿಲ್ಲೆಯಲ್ಲಿ ಹೆಸರು ಓದಿದೆ: ತೇಜಸ್ವಿನಿ, ಕೀರ್ತಿ.

"ಕಾಗದ ಇನ್ನೂ ಬ್ಯಾಗಲ್ಲೇ ಇದ್ಯೇನೇ? ಯುಗಾದಿಗೆ ಬರೆದಿದ್ದು, ದಸರಾನೂ ಮುಗೀತು," ಎಂದಳು ತೇಜಸ್ವಿನಿ. "ಬರೆದು ಕೇಳಿದ್ರೆ ತಾನೇ ನಡಿಗೆ ನಡೆಸೋ ಮೇಷ್ಟ್ರು ದಾರಿ ಬದಲಾಯಿಸೋದು?"

"ನಮ್ಮ ಬೀದಿ ಕುಸ್ತಿ ಗರಡಿಗೂ ಬನ್ನಿ ಅಂದ್ರೆ, ಅಲ್ಲೇನಿದೆ ನೋಡೋಕೆ ಅಂದ್ಬುಟ್ರೆ?"

"ಪೈಲ್ವಾನರು ಎಲ್ಲಿ ಪಳಗ್ತಿದ್ರು ಅಂತ ಜನ ಕೇಳ್ತಾರಲ್ಲ, ಆಗೇನಂತೀಯ?"

"ಹೊತ್ತಾಯ್ತು ಬನ್ನಿ ಅಂತೀನಿ."

"ಆಹಾ, ಒಳ್ಳೇ ಗೈಡು ಕಣೇ ನೀನು!"

ಕೀರ್ತಿ ನಗಲಿಲ್ಲ. "ಜನ ಬರ್ತಾರೆ ಅಂತ ತಾತಂಗೆ ಬಾಯಿತಪ್ಪಿ ಹೇಳ್ಬುಟ್ಟೆ. ಪ್ರತಿ ಭಾನುವಾರ ಗರಡಿ ಗುಡಿಸಿ, ಕೆಮ್ಮಣ್ಣು ಹದಮಾಡಿ, ಪೇಟ ಸುತ್ತಿ ಬಾಗಿಲಲ್ಲಿ ಕೂತಿರ್ತಾರೆ."

"ಇವತ್ತೂನಾ?"

"ಇವತ್ತೂ."

ತೇಜಸ್ವಿನಿ ಎದುರಿನ ಅಂಚೆ ಡಬ್ಬಿಯ ಕಡೆ ನೋಡಿದಳು. ಕೀರ್ತಿ ಕಾಗದ ತೆಗೆದಳು. ಇದ್ದೂ ಇದ್ದೂ ಲಕೋಟೆಯ ಅಂಟು ಬಿಟ್ಟಿತ್ತು.

"ಅಜ್ಜಿ, ಒಂಚೂರು ಅನ್ನ ಕೊಡ್ತೀರಾ?"

ತಂದುಕೊಟ್ಟೆ. ಅಗುಳು ಹಚ್ಚಿ, ಒತ್ತಿ, ಹೋಗಿ ಡಬ್ಬಿಗೆ ಹಾಕಿದಳು. ಅಷ್ಟರಲ್ಲಿ ಜನ ಸೇರಿದ್ದರು.

"ಮೇಡಂ, ಈ ನಡಿಗೆ ಎಲ್ಲಿಗೆ ಮುಗಿಯುತ್ತೆ?" ಯಾರೋ ಕೇಳಿದರು.

"ಸದ್ಯಕ್ಕೆ ಅರಮನೆ ಹತ್ರ," ಎನ್ನುತ್ತಾ ಕೀರ್ತಿ ಮುಂದೆ ನಡೆದಳು.